‘ಇದೆಂತ ಬೆಡಿ ಭಾವ?’: ಬೊಂಬೆಯ ಕೈಯಲ್ಲಿರುವ ಆಯುಧ ಗುರುತಾಗದಿದ್ದರೆ ದೋಷ ಹುಡುಕುವ ಬಗೆ

ಕಾಸರಗೋಡಿನ ಕಡೆ ಕೋವಿಗೆ ಬೆಡಿ ಅಂತಾರೆ. ಕುಂಬಳೆ ದೇವಸ್ಥಾನದ ಜಾತ್ರೆಯಲ್ಲಿ ರಾತ್ರಿ ಸುಡುವ ಮದ್ದಿಗೂ ಬೆಡಿ ಅಂತಲೇ ಹೆಸರು. ನಮ್ಮನೆಯ ಊಟದ ಮೇಜಿನ ಮೇಲೆ ವಾರ್‌ಹ್ಯಾಮರ್ 40,000, ಅಂದರೆ ಸಣ್ಣ ಬೊಂಬೆಗಳ ಸೈನ್ಯ ಇಟ್ಟು ಡೈಸ್ ಹಾಕಿ ಆಡುವ ಯುದ್ಧದ ಆಟ, ಆಡಲು ಕೂತರೆ ಭಾವನ ಬಾಯಲ್ಲಿ ಅತಿ ಜಾಸ್ತಿ ಬರುತ್ತಿದ್ದ ಮಾತು ಇದು: “ಇದೆಂತ ಬೆಡಿ ಭಾವ?” ಒಂದು ಆಟದಲ್ಲಿ ಹತ್ತು ಸಲವಾದರೂ ಕೇಳುತ್ತಿದ್ದರು. ನಾನು ಉತ್ತರ ಹೇಳುತ್ತಿದ್ದೆ, ಆಟ ಮುಂದೆ ಹೋಗುತ್ತಿತ್ತು. ಆ ಪ್ರಶ್ನೆಯೇ ದೋಷದ ಲಕ್ಷಣ ಅಂತ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಅವರು ಕೇಳದೆ ಬಿಟ್ಟ ದಿನ. ಜುಲೈ ತಿಂಗಳ ಭಾನುವಾರ, ಹೊರಗೆ ಬಿಡದೆ ಮಳೆ. ಭಾವನದು ಸ್ಪೇಸ್ ಮರೀನ್ ಸೈನ್ಯ, ನನ್ನದು ಕೇಯಾಸ್. ಅವರ ರೈನೋ ಗಾಡಿ ತಾಳುವ 10 ಗಾಯಗಳಲ್ಲಿ (ವೂಂಡ್) 4 ಆಗಲೇ ಹೋಗಿದ್ದವು. ಅದನ್ನು ಅವರು ನನ್ನ ಲೀಜನರಿ ಅನ್ನುವ ಕಾಲಾಳು ತಂಡದ ಎದುರು, 5 ಇಂಚು ದೂರಕ್ಕೆ ತಂದು ನಿಲ್ಲಿಸಿದರು. ಎದುರಿಗಿದ್ದವನ ಕೈಯಲ್ಲಿ ಇರುವುದು ಬೆಂಕಿ ಉಗುಳುವ ಫ್ಲೇಮರ್ ಅಂದುಕೊಂಡಿದ್ದರು. ಫ್ಲೇಮರ್‌ನ ಬಲ 4, ರೈನೋದ ಗಟ್ಟಿತನ 9. ಡೈಸ್‌ನಲ್ಲಿ 6 ಬಿದ್ದರೆ ಮಾತ್ರ ಗಾಯ. ಹೆದರುವ ಕಾರಣವೇ ಇಲ್ಲ. ಆದರೆ ಅದು ಗಾಡಿಯನ್ನೇ ಕರಗಿಸುವ ಮೆಲ್ಟಾಗನ್ ಆಗಿತ್ತು. ಅದರ ಬಲ 9. ಅರ್ಧ ರೇಂಜ್, ಅಂದರೆ 6 ಇಂಚಿನ ಒಳಗೆ ಸಿಕ್ಕಿದರೆ ಹಾನಿಗೆ ಇನ್ನೂ 2 ಸೇರುತ್ತದೆ. ಹಾನಿಯ ಡೈಸ್‌ನಲ್ಲಿ ನನಗೆ 5 ಬಿತ್ತು. ಒಟ್ಟು 7. ರೈನೋ ಹೋಯಿತು. ಭಾವ ಏನೂ ಹೇಳಲಿಲ್ಲ. ಬೊಂಬೆಯನ್ನು ಎತ್ತಿ, ಕನ್ನಡಕ ಹಣೆಗೆ ಸರಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮತ್ತೆ ಅದೇ ಜಾಗದಲ್ಲಿ ಇಟ್ಟರು. ಆ ಗೆಲುವು ನನಗೆ ಬೇಡವಾಗಿತ್ತು.

ಈ ಆಟದಲ್ಲಿ ಹಳೆಯ ಒಂದು ಕಟ್ಟಳೆ ಇದೆ: ವಾಟ್ ಯು ಸೀ ಈಸ್ ವಾಟ್ ಯು ಗೆಟ್. ಕೈಯಲ್ಲಿ ಕಾಣುವುದೇ ಆಯುಧ. ನನ್ನ ಬೊಂಬೆ ಅದನ್ನು ಮುರಿದಿರಲಿಲ್ಲ. ಹತ್ತಿರ ಹಿಡಿದರೆ ನಳಿಗೆಯ ತೂತುಗಳು ಕಾಣುತ್ತಿದ್ದವು, ಮೆಲ್ಟಾವೇ ಹೌದು. ಆದರೆ ಎದುರಾಳಿ ಹತ್ತಿರ ಹಿಡಿದು ನೋಡುವುದಿಲ್ಲ ಅಲ್ವಾ? ಅವನು ಲೆಕ್ಕ ಹಾಕುವುದು ಮೇಜಿನ ಆಚೆ ಬದಿಯಿಂದ. ಅಲ್ಲಿಂದ, ನಾವು ಬಾಯಿ ಬಿಡದೆ, ಅವನಿಗೆ ಗೊತ್ತಾಗಬೇಕು. 2023ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಚ್ಚಿನ ತಂಡಗಳಿಗೆ ಆಯುಧದ ಪಾಯಿಂಟ್ ಬೇರೆ ಇಲ್ಲ. ಯಾವುದನ್ನು ಹಿಡಿದರೂ ಅದೇ ಬೆಲೆ. ಹಾಗಾಗಿ ಪಾಯಿಂಟ್ ಪಟ್ಟಿ ನೋಡಿ ಊಹಿಸುವ ದಾರಿಯೂ ಮುಚ್ಚಿದೆ. ಬೊಂಬೆಯೇ ಹೇಳಬೇಕು.

ದೋಷ ಇದೆಯಾ, ಯಾವ ಜಾತಿಯದು

ಮಾಡಿದವರ ಕಣ್ಣು ಇದಕ್ಕೆ ಸಾಕ್ಷಿಯಾಗುವುದಿಲ್ಲ. ನಾವು ಕೊರೆದ ತೂತು ನಮಗೆ ಎಷ್ಟು ದೂರದಿಂದಲೂ ಕಂಡಂತೆ ಅನಿಸುತ್ತದೆ. ಆಟ ಗೊತ್ತೇ ಇಲ್ಲದವರನ್ನು ಕರೆಯಿರಿ. ನಾನು ಅಕ್ಕನ ಮಗಳನ್ನು ಕರೆದೆ, ಒಂಬತ್ತು ವರ್ಷ. ವಿಶೇಷ ಆಯುಧ ಹಿಡಿದ ಏಳು ಬೊಂಬೆಗಳನ್ನು ಮೇಜಿನ ತುದಿಯಲ್ಲಿ ಸಾಲಾಗಿ ಇಟ್ಟು ಅವಳನ್ನು 4 ಅಡಿ ದೂರ ನಿಲ್ಲಿಸಿದೆ. ಆಯುಧದ ಹೆಸರು ಹೇಳಲಿಲ್ಲ. “ಒಂದೇ ತರದ ಬೆಡಿ ಇರುವವರನ್ನು ಒಟ್ಟಿಗೆ ಮಾಡು, ಕೈಯಲ್ಲಿ ತೋರಿಸಿದರೆ ಸಾಕು” ಅಂದೆ, ಅಷ್ಟೆ.

ಅವಳು ಮಾಡಿದ ವಿಂಗಡಣೆಯಲ್ಲಿ ನನ್ನ ಎರಡೂ ತಪ್ಪು ಒಂದೇ ಸಲ ಹೊರಬಿತ್ತು. ಮೆಲ್ಟಾ ಮತ್ತು ಫ್ಲೇಮರ್ ಒಂದೇ ಗುಂಪಿಗೆ ಹೋದವು. ಎರಡು ಪ್ಲಾಸ್ಮಾ ಗನ್‌ಗಳು ಬೇರೆ ಬೇರೆ ಗುಂಪಾದವು. ಮೊದಲನೆಯದು ಆಕಾರದ ದೋಷ: ಬೇರೆ ಇರಬೇಕಾದ್ದು ಒಂದಾಗಿದೆ. ಎರಡನೆಯದು ಒಗ್ಗಟ್ಟಿನ ದೋಷ: ಒಂದೇ ಇರಬೇಕಾದ್ದು ಬೇರೆಯಾಗಿದೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ವ್ಯತ್ಯಾಸ ಹೆಚ್ಚಿಸಬೇಕು, ಎರಡನೆಯದಕ್ಕೆ ಕಡಿಮೆ ಮಾಡಬೇಕು. ಯಾವುದು ಅಂತ ತಿಳಿಯದೆ ಚಾಕು ಹಿಡಿದರೆ ಕೆಲಸ ಕೆಡುತ್ತದೆ. ನಾನು ಅದಕ್ಕೆ ಮುಂಚೆ ಎರಡು ವರ್ಷ ಎಲ್ಲದಕ್ಕೂ ಸುಮ್ನೆ ಇನ್ನಷ್ಟು ಕುಸುರಿ ಸೇರಿಸುತ್ತಾ ಹೋಗಿದ್ದೆ.

ಆಕಾರದ ದೋಷ ಅಂತ ಅನುಮಾನ ಬಂದರೆ ನೆರಳು ನೋಡಿ. ಕೋಣೆ ಕತ್ತಲೆ ಮಾಡಿ, ಬೊಂಬೆಯನ್ನು ಗೋಡೆಯಿಂದ ಒಂದು ಗೇಣು ಮುಂದೆ ಇಟ್ಟು, ಮೊಬೈಲ್ ಟಾರ್ಚನ್ನು ಎರಡು ಅಡಿ ಹಿಂದೆ ಹಿಡಿಯಿರಿ. ಬಣ್ಣ, ಹೊಳಪು, ಕುಸುರಿ ಎಲ್ಲ ಮಾಯವಾಗಿ ಅಂಚು ಮಾತ್ರ ಉಳಿಯುತ್ತದೆ. ಬೊಂಬೆಯನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಎಲ್ಲ ಕೋನದಿಂದಲೂ ಆಯುಧ ಕಾಣಬೇಕೆಂದಿಲ್ಲ, ಅರ್ಧ ಸುತ್ತಿನಲ್ಲಾದರೂ ಕಾಣಬೇಕು. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ನಾನು ಈ ಪರೀಕ್ಷೆ ಮಾಡುತ್ತೇನೆ.

ನೆರಳಿನಲ್ಲೇ ಗುರುತಾಗದಿದ್ದರೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನವರ ತೊಂದರೆ ಇಲ್ಲೇ ಇದೆ. ಬೊಂಬೆಯ ಎತ್ತರ ಸುಮಾರು 28ರಿಂದ 32 ಮಿಲಿಮೀಟರ್. ನಳಿಗೆಯ ದಪ್ಪ 2 ಮಿಲಿಮೀಟರ್ ಇದ್ದರೆ ದೊಡ್ಡದು. ಕಣ್ಣು ಸರಿ ಇರುವವರಿಗೂ ಒಳ್ಳೆ ಬೆಳಕಿನಲ್ಲೂ 4 ಅಡಿ ದೂರದಿಂದ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತ ಸಣ್ಣದು ಕಾಣುವುದಿಲ್ಲ. ಬರೇ ಕಂಡರೂ ಸಾಲದು, ಇದು ಇಂಥದ್ದು ಅಂತ ಗೊತ್ತಾಗಬೇಕು. ಅದಕ್ಕೆ ಕನಿಷ್ಠ ಒಂದು ಮಿಲಿಮೀಟರಿನ ವ್ಯತ್ಯಾಸ ಬೇಕು ಅನ್ನುವುದು ನನ್ನ ಅಳತೆ. ನನ್ನ ಮೆಲ್ಟಾದ ತೂತುಗಳು ಅರ್ಧ ಮಿಲಿಮೀಟರ್ ಇದ್ದವು.

ದೂರದ ಕಣ್ಣು ಕೋವಿಯಲ್ಲಿ ಮೂರು ಜಾಗ ಹುಡುಕುತ್ತದೆ: ತುದಿಯಲ್ಲಿ ಏನಿದೆ, ಕೆಳಗೆ ಏನು ತೂಗುತ್ತಿದೆ, ಬೆನ್ನಿನ ಮೇಲೆ ಏನು ಎದ್ದಿದೆ. ಬೋಲ್ಟರ್ ಅಂದರೆ ಚೌಕ ಮೈ, ಕೆಳಗೆ ಡಬ್ಬಿಯಂಥ ಮ್ಯಾಗಜೀನ್. ಫ್ಲೇಮರ್ ಅಂದರೆ ಸಪೂರ ಮೂತಿ, ಅದರ ಬುಡದಲ್ಲಿ ಸಣ್ಣ ಬೆಂಕಿಯ ಕೊಳವೆ, ಕೆಳಗೆ ಉರುವಲಿನ ಸಿಲಿಂಡರ್. ಮೆಲ್ಟಾಕ್ಕೆ ದಪ್ಪ, ಗಿಡ್ಡ, ತೂತು ತೂತಾದ ಮೂತಿ. ಪ್ಲಾಸ್ಮಾಕ್ಕೆ ಬೆನ್ನಿನ ಮೇಲೆ ಸಾಲು ಬಳೆಗಳು. ಎರಡು ಆಯುಧಗಳ ನಡುವೆ ಈ ಮೂರರಲ್ಲಿ ಎರಡಾದರೂ ಬೇರೆ ಇರಬೇಕು. ಒಂದೇ ಬೇರೆ ಇದ್ದರೆ, ಆ ಒಂದು ಜಾಗಕ್ಕೆ ಕೈ ಅಡ್ಡ ಬಂದಾಗ ಎರಡೂ ಒಂದೇ ಆಗುತ್ತವೆ.

ನನ್ನಲ್ಲಿ ಆದದ್ದು ಅದೇ. ಫ್ಲೇಮರ್‌ಗೂ ಮೆಲ್ಟಾಕ್ಕೂ ನಳಿಗೆಯಾಗಿ ಬಾಲ್ ಪೆನ್ನಿನ ರೀಫಿಲ್ ಕತ್ತರಿಸಿ ಹಾಕಿದ್ದೆ. ಇಬ್ಬರಿಗೂ ಒಂದೇ ಉದ್ದ, ಒಂದೇ ದಪ್ಪ. ಫ್ಲೇಮರ್‌ನ ಸಿಲಿಂಡರ್ ಎಡಗೈಯ ಅಡಿಯಲ್ಲಿ ಅಡಗಿತ್ತು. ಉಳಿದದ್ದು ಎರಡು ಕಡ್ಡಿಗಳು. ರೀಫಿಲ್‌ನಲ್ಲಿ ಇನ್ನೊಂದು ಕೇಡೂ ಇದೆ. ಆ ಕೊಳವೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದಕ್ಕೆ ಫೆವಿಕ್ವಿಕ್ ಸರಿಯಾಗಿ ಕಚ್ಚುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ, ಉಗುರು ತಾಗಿದರೆ ಸಿಪ್ಪೆಯ ಹಾಗೆ ಏಳುತ್ತದೆ.

ಈಗ ನಾನು ಬಳಸುವುದು ಇಯರ್ ಬಡ್‌ನ ಕಾಗದದ ಕಡ್ಡಿ. ಮೊದಲು ಎರಡೂ ತುದಿಯ ಹತ್ತಿಯನ್ನು ಪೂರ್ತಿ ಕತ್ತರಿಸಿ ದೂರ ಇಡಿ. ಹತ್ತಿಗೆ ಸೂಪರ್ ಗ್ಲೂ ತಾಗಿದರೆ ಒಮ್ಮೆಲೇ ಬಿಸಿಯಾಗುತ್ತದೆ, ಬೆರಳು ಸುಡುವಷ್ಟು. ಕಡ್ಡಿಯ 6 ಮಿಲಿಮೀಟರ್ ತುಂಡಿಗೆ ತೆಳು ಗ್ಲೂ ಒಂದೇ ಹನಿ ಕುಡಿಸಿ ಒಣಗಲು ಬಿಡಿ. ಮರದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಕೈ ಡ್ರಿಲ್‌ನಲ್ಲಿ 1 ಮಿಲಿಮೀಟರ್ ಬಿಟ್ ಹಾಕಿ, ಬದಿಗೆ ಎರಡೇ ತೂತು. ನಾಲ್ಕು ಬೇಡ, ಎರಡು ದೊಡ್ಡ ತೂತು ದೂರಕ್ಕೆ ಚೆನ್ನಾಗಿ ಕಾಣುತ್ತದೆ. ತುದಿಗೆ ಎಂ-ಸೀಲ್‌ನ ಸಪೂರ ಎಳೆ ಸುತ್ತಿ ಬಳೆಯಂತೆ ದಪ್ಪ ಮಾಡಿ. ಬೆರಳು ಒದ್ದೆ ಇದ್ದರೆ ಅದು ಅಂಟುವುದಿಲ್ಲ. ಇಷ್ಟಾದ ಮೇಲೆ ನೆರಳಿನಲ್ಲಿ ಫ್ಲೇಮರ್ ಕಡ್ಡಿಯಾಗಿಯೂ ಮೆಲ್ಟಾ ಒನಕೆಯಾಗಿಯೂ ಕಾಣುತ್ತದೆ. ಫ್ಲೇಮರ್‌ನ ಸಿಲಿಂಡರನ್ನೂ ಕೈಯ ಅಡಿಯಿಂದ ಕಿತ್ತು, ಮುಂದಕ್ಕೆ ತಂದು, ತೂಗುವಂತೆ ಅಂಟಿಸಿದೆ.

ನಮ್ಮ ಕಡೆಯ ಆಟದಲ್ಲಿ ಇದು ಹೊಸ ವಿಷಯ ಅಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಮಹಿಷಾಸುರ ಬಂದರೆ ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತವರಿಗೂ ಕೊಂಬಿನಿಂದಲೇ ಗೊತ್ತಾಗುತ್ತದೆ. ಮುಖದ ಚುಟ್ಟಿ ಅಲ್ಲಿಗೆ ಕಾಣಬೇಕೆಂದೇ ಇಲ್ಲ. ಭೀಮನ ಮುಡಿ ಕಂಡರೆ ಮಾತು ಶುರುವಾಗುವ ಮೊದಲೇ ವೇಷ ಯಾವುದೆಂಬ ಅಂದಾಜು ಸಿಗುತ್ತದೆ.

ನೆರಳು ಸರಿ, ಮೇಜಿನ ಮೇಲೆ ತಪ್ಪು

ಗೋಡೆಯ ಮೇಲೆ ಸರಿಯಾಗಿ ಕಂಡದ್ದು ಆಟದಲ್ಲಿ ಗುರುತಾಗದಿದ್ದರೆ ಕಾರಣ ಮೂರರಲ್ಲಿ ಒಂದು: ಭಂಗಿ, ಬಣ್ಣ, ಇಲ್ಲವೇ ಪಕ್ಕದ ಅಲಂಕಾರ.

ಭಂಗಿ ನೋಡಲು ಬೊಂಬೆಯನ್ನು ಎದುರಾಳಿಯ ಕಡೆ ಮುಖ ಮಾಡಿ ಇಟ್ಟು, ಅವನ ಕುರ್ಚಿಯಲ್ಲಿ ಕೂತು ನೋಡಿ. ಕೋವಿ ನೇರವಾಗಿ ಅವನ ಕಡೆಗೇ ಚಾಚಿದ್ದರೆ ಅವನಿಗೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಎದೆಗೆ ಅಡ್ಡವಾಗಿ ಹಿಡಿದ ಕೋವಿ, ಅಥವಾ ಮುಗಿಲಿಗೆ ಎತ್ತಿದ ಕೋವಿ ಪೂರ್ತಿ ಕಾಣುತ್ತದೆ. ಅಂಟಿಸುವ ಮೊದಲು ಬ್ಲೂ ಟ್ಯಾಕ್‌ನಲ್ಲಿ (ಅಂಟಿಸಿ ಕಿತ್ತು ತೆಗೆಯಬಹುದಾದ ಮೆತ್ತನೆಯ ಅಂಟು) ನಿಲ್ಲಿಸಿ ನೋಡಿದರೆ ಎರಡು ನಿಮಿಷದ ಕೆಲಸ. ಅಂಟಿಸಿದ ಮೇಲೆ ಒಂದು ಸಂಜೆಯ ಕೆಲಸ.

ಬಣ್ಣದ ಬಗ್ಗೆ ಒಂದೇ ಮಾತು: ಬಣ್ಣ ಸಹಾಯಕ್ಕೆ ಮಾತ್ರ. ಪ್ಲಾಸ್ಮಾದ ಬಳೆಗೆ ನೀಲಿ, ಮೆಲ್ಟಾದ ಮೂತಿಗೆ ಸುಟ್ಟ ಲೋಹದ ನೇರಳೆ, ಫ್ಲೇಮರ್ ತುದಿಗೆ ಮಸಿ ಹಚ್ಚಿದರೆ ಚಂದವೂ ಹೌದು, ಗುರುತೂ ಹೌದು. ಆದರೆ ನಮ್ಮ ಆಟಕ್ಕೆ ಬರುವ ಒಬ್ಬರಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಬಣ್ಣವನ್ನೇ ನಂಬಿ ಮಾಡಿದ ಗುರುತು ಅವರ ಪಾಲಿಗೆ ಇಲ್ಲ.

ಅಲಂಕಾರದ ವಿಷಯ ನನಗೆ ತುಂಬಾ ಹತ್ತಿರದ್ದು. ನನ್ನ ಕೇಯಾಸ್ ಸೈನ್ಯಕ್ಕೆ ನಾನು ಯಕ್ಷಗಾನದ ಕಿರೀಟಗಳ ಮಾದರಿಯಲ್ಲಿ ತಲೆ ಕಟ್ಟಿದ್ದೇನೆ. ದೈವದ ಮುಡಿಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಆಟದ ಬೊಂಬೆಗೆ ಇಡುವುದು ನನಗೆ ಸರಿ ಅನಿಸುವುದಿಲ್ಲ. ಹಿಡಿಸೂಡಿ ಕಡ್ಡಿಯನ್ನು ಸೀಳಿ, ಕಿರೀಟದ ಸುತ್ತ ಕಿರಣಗಳ ಹಾಗೆ ಸಿಕ್ಕಿಸಿದ್ದೆ. ಬಹಳ ಚೆನ್ನಾಗಿ ಬಂದಿತ್ತು. ಆದರೆ ಆ ಕಿರಣಗಳು ಭುಜ ದಾಟಿ ಕೆಳಗೆ ಇಳಿದು ಕೋವಿಯ ಬೆನ್ನಿನವರೆಗೆ ಬಂದಿದ್ದವು. ಮುಡಿ ಕಂಡಿತು, ಬೆಡಿ ಕಾಣಲಿಲ್ಲ. ಪ್ಲಾಸ್ಮಾದ ಬಳೆಗಳು ಕಡ್ಡಿಗಳ ನಡುವೆ ಕಳೆದುಹೋದವು. ಭುಜದಿಂದ ಕೆಳಗಿದ್ದ ಕಡ್ಡಿಗಳನ್ನೆಲ್ಲ ಕತ್ತರಿಸಿದೆ. ಮನಸ್ಸಿಗೆ ಕಷ್ಟವಾಯಿತು. ಆದರೆ ಕೋವಿಯ ಸುತ್ತ ಒಂದು ಕಡ್ಡಿಯಷ್ಟಾದರೂ ಖಾಲಿ ಜಾಗ ಇರಲೇಬೇಕು. ಆ ಖಾಲಿಯಲ್ಲೇ ಅಂಚು ಹುಟ್ಟುವುದು.

ಒಂದೊಂದೇ ಸರಿ, ಒಟ್ಟಿಗೆ ತಪ್ಪು

ಅಕ್ಕನ ಮಗಳು ಬೇರೆ ಮಾಡಿದ ಎರಡು ಪ್ಲಾಸ್ಮಾಗಳಿಗೆ ಬನ್ನಿ. ಒಂದು ಹಳೆಯ ಪೆಟ್ಟಿಗೆಯದ್ದು, ಇನ್ನೊಂದು ನಾನೇ ಬೇರೆ ಕಿಟ್‌ನ ಭಾಗಗಳಿಂದ ಕಟ್ಟಿದ್ದು. ಎರಡೂ ಪ್ಲಾಸ್ಮಾದ ಹಾಗೇ ಇದ್ದವು. ಆದರೆ ಪರಸ್ಪರ ಹೋಲುತ್ತಿರಲಿಲ್ಲ. ಕನ್ವರ್ಷನ್, ಅಂದರೆ ಬೊಂಬೆಯನ್ನು ಕತ್ತರಿಸಿ ಜೋಡಿಸಿ ಬೇರೆ ರೂಪ ಕೊಡುವುದು, ಮಾಡುವವರಿಗೆ ಬರುವ ಆಸೆ ಇದು: ಪ್ರತಿಯೊಂದೂ ಬೇರೆ ಇರಲಿ. ತಲೆ, ಕಾಲು, ಬೇಸ್ ಎಲ್ಲ ಬೇರೆ ಮಾಡಿ, ತೊಂದರೆ ಇಲ್ಲ. ಆಯುಧದ ಮೇಲೆ ಮಾತ್ರ ಒಂದು ಗುರುತು ಇಡೀ ಸೈನ್ಯಕ್ಕೆ ಒಂದೇ ಇರಬೇಕು.

ನಾನು ಹಳೆಯ ಚಾರ್ಜರ್ ವೈರ್ ಬಿಚ್ಚಿ, ಒಳಗಿನ ತಾಮ್ರದ ಎಳೆಗಳನ್ನು ಹುರಿ ಮಾಡಿ, ಪ್ಲಾಸ್ಮಾ ಇರುವಲ್ಲೆಲ್ಲ ನಳಿಗೆಯ ಬುಡಕ್ಕೆ ಮೂರು ಸುತ್ತು ಸುತ್ತಿದೆ. ಪಿಸ್ತೂಲಾದರೂ ಮೂರು ಸುತ್ತು, ದೊಡ್ಡ ಗನ್ ಆದರೂ ಮೂರು ಸುತ್ತು. ಇನ್ನೊಂದು ಕಟ್ಟುನಿಟ್ಟು: ಆ ಸುತ್ತು ಬೇರೆ ಯಾವ ಆಯುಧದ ಮೇಲೂ ಬರಬಾರದು, ಬರೇ ಚಂದಕ್ಕೂ ಬರಬಾರದು. ಒಂದು ಬೋಲ್ಟರ್ ಮೇಲೆ ಅದನ್ನು ಅಲಂಕಾರಕ್ಕೆ ಸುತ್ತಿದ ದಿನ ಇಡೀ ಸೈನ್ಯದ ಗುರುತು ಕೆಡುತ್ತದೆ. ಕಲ್ಪನೆಯ ಆಯುಧಗಳಿಗೆ ಇದು ಇನ್ನೂ ಮುಖ್ಯ. ಕೊಡಲಿಯನ್ನು ಪವರ್ ಫಿಸ್ಟ್ (ದೊಡ್ಡ ಲೋಹದ ಮುಷ್ಟಿ) ಅಂತ ಲೆಕ್ಕ ಹಿಡಿಯುವುದಾದರೆ, ಆಟ ಮುಗಿಯುವವರೆಗೂ ಮೇಜಿನ ಮೇಲಿನ ಪ್ರತಿ ಕೊಡಲಿಯೂ ಪವರ್ ಫಿಸ್ಟೇ.

ಕತ್ತಿಗಳ ಮಾತು ಬೇಗ ಮುಗಿಯುತ್ತದೆ. ಚೈನ್‌ಸ್ವೋರ್ಡ್‌ಗೆ ಹಲ್ಲು ಕಾಣಬೇಕು, ಪವರ್ ಸ್ವೋರ್ಡ್‌ನ ಅಂಚು ನುಣುಪಾಗಿರಬೇಕು, ಪವರ್ ಫಿಸ್ಟ್ ತಲೆಯಷ್ಟಾದರೂ ದಪ್ಪ ಇರಬೇಕು. ಎರಡನೇ ಮಹಾಯುದ್ಧದ ಬೋಲ್ಟ್ ಆಕ್ಷನ್ ಅನ್ನುವ ಬೊಂಬೆಯಾಟ ಆಡುವವರಿಗೆ ತೊಂದರೆ ಬರುವುದು ಕೋವಿಯ ಉದ್ದದಲ್ಲಿ. ಅಲ್ಲಿ ರೈಫಲ್‌ನ ರೇಂಜ್ 24 ಇಂಚು, ಸಬ್‌ಮಷಿನ್ ಗನ್‌ನದು 12 ಇಂಚು. ರೈಫಲ್‌ನ ನಳಿಗೆ ಮುರಿದು ಗಿಡ್ಡವಾದರೆ ಎದುರಾಳಿ ಅದನ್ನು ಸಬ್‌ಮಷಿನ್ ಗನ್ ಅಂತಲೇ ಓದುತ್ತಾನೆ. ಮುರಿದದ್ದನ್ನು ಆಟಕ್ಕೆ ಮೊದಲು ಸರಿ ಮಾಡಿ, ಗುಂಡುಸೂಜಿ ಸಾಕಾಗುತ್ತದೆ.

ನಿನ್ನೆ ಸರಿ ಇತ್ತು, ಇವತ್ತು ಇಲ್ಲ

ಇದು ಕೈ ಬದಲಾಯಿಸಲು ಮ್ಯಾಗ್ನೆಟ್ ಹಾಕಿದವರ ತೊಂದರೆ. ನಮ್ಮ ಕಡಲ ಬದಿಯಲ್ಲಿ ಇದು ಜಾಸ್ತಿ.

ಕೈ ತಾನಾಗಿ ಕೆಳಗೆ ಜೋತು ಬೀಳುತ್ತದೆಯಾ? ಎರಡು ಕಾರಣ ಇರಬಹುದು. ಕೈಯನ್ನು ನೇರ ಎಳೆದು ನೋಡಿ. ಸುಲಭವಾಗಿ ಬಿಟ್ಟುಬಂದರೆ ಮ್ಯಾಗ್ನೆಟ್ ಸಣ್ಣದಾಯಿತು. 2×1 ಮಿಲಿಮೀಟರಿನದ್ದು ತೆಳು ಪ್ಲಾಸ್ಟಿಕ್ ಕೈಗೆ ಸಾಕು, ರೆಸಿನ್ ಅಥವಾ ಲೋಹದ ಕೈಗೆ 3×2 ಬೇಕು. ಗಟ್ಟಿಯಾಗಿ ಹಿಡಿದಿದ್ದೂ ತಿರುಗುತ್ತಿದ್ದರೆ ಅದು ದುಂಡು ಮ್ಯಾಗ್ನೆಟ್‌ನ ಸ್ವಭಾವ. ಪಕ್ಕದಲ್ಲಿ ಅರ್ಧ ಮಿಲಿಮೀಟರ್ ತಂತಿಯ ಸಣ್ಣ ಮೊಳೆ ನೆಟ್ಟು, ಎದುರು ಬದಿಯಲ್ಲಿ ಅದಕ್ಕೊಂದು ತೂತು ಮಾಡಿದರೆ ತಿರುಗುವುದು ನಿಲ್ಲುತ್ತದೆ. ಕೋವಿ ಕೆಳಗೆ ತಿರುಗಿದರೆ ಅದು ಬೇರೆಯೇ ಆಯುಧದ ಹಾಗೆ ಕಾಣುತ್ತದೆ. ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ.

ಹೊಸ ಕೈ ಅಂಟದೆ ದೂರ ತಳ್ಳುತ್ತದೆಯಾ? ಧ್ರುವ ತಿರುಗಿದೆ. ಒಂದು ಐಸ್‌ಕ್ರೀಮ್ ಕಡ್ಡಿಯ ತುದಿಗೆ ಒಂದು ಮ್ಯಾಗ್ನೆಟ್ ಅಂಟಿಸಿ ‘ಮೈ’ ಅಂತ ಬರೆಯಿರಿ. ಇನ್ನೊಂದು ಕಡ್ಡಿಗೆ ಎದುರು ಮುಖ ಅಂಟಿಸಿ ‘ಕೈ’ ಅಂತ ಬರೆಯಿರಿ. ಮುಂದೆ ಯಾವ ಮ್ಯಾಗ್ನೆಟ್ ಹಾಕುವಾಗಲೂ ಆಯಾ ಕಡ್ಡಿಯಿಂದಲೇ ಎತ್ತಿ ತೂತಿಗೆ ಇಳಿಸಿ. ಇಡೀ ಸೈನ್ಯದ ಕೈಗಳು ಯಾವ ಮೈಗೂ ಹೊಂದುತ್ತವೆ.

ಮ್ಯಾಗ್ನೆಟ್ ತುಕ್ಕು ಹಿಡಿದು ಉದುರುತ್ತದೆಯಾ? ನಿಯೋಡಿಮಿಯಂ ಮ್ಯಾಗ್ನೆಟ್‌ನಲ್ಲಿ ಹೆಚ್ಚಿನ ಪಾಲು ಕಬ್ಬಿಣ. ಮೇಲಿನ ನಿಕ್ಕೆಲ್ ಲೇಪ ಅದನ್ನು ಕಾಯುತ್ತದೆ. ಮರಳು ಕಾಗದದಲ್ಲಿ ಉಜ್ಜಿ ಮಟ್ಟ ಮಾಡಿದರೆ ಲೇಪ ಹೋಯಿತು, ಉಪ್ಪುಗಾಳಿ ಒಳಗೆ ನುಗ್ಗಿತು. ಮ್ಯಾಗ್ನೆಟನ್ನು ಉಜ್ಜಬೇಡಿ, ತೂತನ್ನು ಆಳ ಮಾಡಿ. ಮೇಲೆ ವಾರ್ನಿಶ್‌ನ ತೆಳು ಪದರ ಹಚ್ಚಿ.

ಮಳೆಗಾಲದ ಇನ್ನೊಂದು ಕಾಟ ಬಿಳಿ ಮಂಜು. ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ತೇವ ಜಾಸ್ತಿ ಇದ್ದಾಗ ಅದರ ಆವಿ ಸುತ್ತಲೂ ಬಿಳಿಯಾಗಿ ಕೂರುತ್ತದೆ. ಕಪ್ಪು ಕೋವಿ ಬೂದಿ ಬಡಿದಂತೆ ಆಗಿ ಅಂಚುಗಳೆಲ್ಲ ಮಸುಕಾಗುತ್ತವೆ. ಕೆರೆಯಲು ಹೋಗಬೇಡಿ. ಹೊಳಪಿನ ವಾರ್ನಿಶ್ ಬ್ರಷ್‌ನಲ್ಲಿ ಹಚ್ಚಿದರೆ ಬಿಳಿ ಹೆಚ್ಚಾಗಿ ಮಾಯವಾಗುತ್ತದೆ, ಆಮೇಲೆ ಮ್ಯಾಟ್ ಕೊಡಿ. ಸ್ಪ್ರೇ ಪ್ರೈಮರ್ ಅಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮುಟ್ಟುವುದೇ ಇಲ್ಲ. ಅದು ಮರಳಿನ ಹಾಗೆ ತರಿ ತರಿಯಾಗಿ ಕೂತು, ಕಷ್ಟಪಟ್ಟು ಕೊರೆದ ತೂತುಗಳನ್ನು ಮುಚ್ಚಿಬಿಡುತ್ತದೆ. ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ನಿಧಾನ, ಆದರೆ ನಂಬಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಬೊಂಬೆಗಳು ಒಪ್ಪುವುದಿಲ್ಲ. ಹಳೆಯ ಲೋಹದ ಬೊಂಬೆ, ಕೈ ಮೈಗೆ ಅಂಟಿಕೊಂಡೇ ಎರಕ ಹೊಯ್ದದ್ದು, ಕತ್ತರಿಸಲು ಮನಸ್ಸು ಬಾರದ್ದು. ಅಂಥದ್ದಕ್ಕೆ ಬೇಸ್‌ನ ಹಿಂಬದಿಯ ಅಂಚಿನಲ್ಲಿ ಆಯುಧದ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ, ಆಟ ಶುರುವಾಗುವ ಮೊದಲು ಬಾಯಿಬಿಟ್ಟು ಹೇಳುತ್ತೇನೆ. ಒಂದು ಸೈನ್ಯದಲ್ಲಿ ಅಂಥವು ಎರಡಕ್ಕಿಂತ ಜಾಸ್ತಿ ಆದರೆ ಎದುರಾಳಿಗೆ ನೆನಪಿನ ಹೊರೆ. ನಾನು ಎರಡಕ್ಕೇ ನಿಲ್ಲಿಸಿದ್ದೇನೆ.

ಸರಿ ಮಾಡಿದ ಬೊಂಬೆಗಳನ್ನು ಆಗಸ್ಟ್‌ನಲ್ಲಿ ಮತ್ತೆ ಮೇಜಿಗೆ ಇಳಿಸಿದೆ. ಭಾವನಿಗೆ ಏನೂ ಹೇಳಿರಲಿಲ್ಲ. ಅವರು ಎರಡನೇ ಸುತ್ತಿನಲ್ಲಿ ರೈನೋವನ್ನು ಎತ್ತಿದರು, ನನ್ನ ಲೀಜನರಿಗಳ ಕಡೆ ಒಮ್ಮೆ ನೋಡಿದರು, ಟೇಪ್ ಬಿಚ್ಚಿದರು. ನನ್ನವರ ನಡಿಗೆ 6 ಇಂಚು, ಮೆಲ್ಟಾದ ರೇಂಜ್ 12. ಅವರು ಗಾಡಿಯನ್ನು 18 ಇಂಚಿನಿಂದ ಒಂದು ಬೆರಳು ಆಚೆ ಇಟ್ಟು, ಟೇಪ್ ಸುತ್ತಿಕೊಂಡು, “ಇನ್ನು ನಿನ್ನದು ಭಾವ” ಅಂದರು.